ಸಿಹಿಗೆ ಹಂದಿ ಬಾಯಿ ಹಾಕೀತು, ಮೈ ತುಂಬದು

ಹಂದಿ ಸಾಕಣೆಗೆ ಕೈ ಹಾಕಿರುವ ನಮ್ಮ ಧರ್ಮಪುರಿ ಸೀಮೆಯ ರೈತ ಬಾಂಧವರಲ್ಲಿ ಒಂದು ಪ್ರಶ್ನೆ ಉಂಟು: ಮೇವಿಗೆ ಸಿಹಿ ಬೆರೆಸಬೇಕೇ? ಬೆರೆಸಬಹುದು, ಆದರೆ ಮರಿಗಳಿಗೆ ಮಾತ್ರ, ಅದೂ ಕೆಲವೇ ದಿನ ಎಂಬುದು ನಮ್ಮ ಅಭಿಪ್ರಾಯ.

ಹಂದಿಗೆ ಸಿಹಿಯ ರುಚಿ ಚೆನ್ನಾಗಿ ತಿಳಿಯುತ್ತದೆ. ಕೋಳಿಗೂ ಬೆಕ್ಕಿಗೂ ಆ ಭಾಗ್ಯವಿಲ್ಲ. ತಾಯಿಯ ಹಾಲು ಬಿಡಿಸಿದ ಮರಿ ಒಂದೆರಡು ದಿನ ಒಣಮೇವನ್ನು ಮೂಸಿ ಹಿಂದೆ ಸರಿಯುವುದುಂಟು. ಆಗ ಸೊರಗಿದ್ದು ಬೇಗ ಚೇತರಿಸಿಕೊಳ್ಳದು. ಈ ಹೊತ್ತಿಗೆ ಕಿಲೋ ಮೇವಿಗೆ 30ರಿಂದ 50 ಗ್ರಾಂ ಬೆಲ್ಲ ಪುಡಿಮಾಡಿ ಬೆರೆಸಿದರೆ ಬಾಯಿ ಹಾಕುತ್ತದೆ. ಎರಡು ವಾರ ಸಾಕು. ಹುಟ್ಟಿದ ಮೊದಲ ವಾರದ ಮರಿಗೆ ಮಾತ್ರ ಬೆಲ್ಲದ ನೀರು ಕೂಡದು. ಅದನ್ನು ಅರಗಿಸುವ ಶಕ್ತಿ ಎಳೆಯ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಭೇದಿ ಹತ್ತಿ ಮರಿ ಸತ್ತೀತು.

ಇದಕ್ಕಾಗಿ ಪೊಟ್ಟಣದ ಸಿಹಿಪುಡಿ ಕೊಳ್ಳಬೇಕಾಗಿಲ್ಲ. ಸ್ಯಾಕರಿನ್ ರುಚಿ ಕೊಟ್ಟರೂ ಬಲ ಕೊಡದು. ಆಸ್ಪರ್ಟೇಮ್ ನಮಗೆ ಸಿಹಿ, ಹಂದಿಯ ನಾಲಗೆಗೆ ಅಲ್ಲ. ಪಾಲಕೋಡು, ಗೋಪಾಲಪುರಗಳಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳಿದ್ದರೂ ಕಾಕಂಬಿಗೆ ಸರ್ಕಾರದ ಕಟ್ಟುಪಾಡು ಉಂಟು. ದೊರೆತರೂ ಮೇವಿನಲ್ಲಿ ನೂರಕ್ಕೆ 5 ಪಾಲು ಮೀರದಿರಲಿ, ಹೆಚ್ಚಾದರೆ ಭೇದಿ.

ಬೆಳೆಯುವ ಹಂದಿಗೆ ಬೇಕಾದುದು ಮೈ ಕಟ್ಟುವ ಪ್ರೋಟೀನು. ಬೆಲ್ಲದಲ್ಲಿ ಅದು ಇಲ್ಲವೆಂದೇ ಹೇಳಬಹುದು. ಸಬ್ಬಕ್ಕಿ ಕಾರ್ಖಾನೆಗಳ ಮರಗೆಣಸಿನ ತಿಪ್ಪಿ ಹೊಟ್ಟೆ ತುಂಬಿಸುತ್ತದೆ, ಅದರಲ್ಲೂ ಪ್ರೋಟೀನು ಅಲ್ಪ. ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಉಂಟು. ಆದಕಾರಣ ತಿಪ್ಪಿಗೆ ಬೆಲ್ಲ ಕಲಸಿ ಹಂದಿ ಬಲಿಯುವುದೆಂದು ಕಾಯುವುದಕ್ಕಿಂತ, ಆ ದುಡ್ಡಿಗೆ ಹಿಂಡಿ ಕೊಳ್ಳುವುದು ಲೇಸು.

ಸಿಹಿಯಿಂದ ಇನ್ನೊಂದು ಕೇಡುಂಟು: ಕೆಟ್ಟ ಮೇವಿನ ನಾತವನ್ನು ಅದು ಮುಚ್ಚುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ವಿಷವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಆ ವಿಷ ಹಂದಿಯನ್ನೂ ಬಿಡದು. ಹಂದಿ ಮೇವು ಬಿಟ್ಟರೆ ಬೆಲ್ಲದ ಡಬ್ಬಿಗೆ ಕೈ ಹಾಕುವ ಮುನ್ನ ಹಿಂಡಿಯನ್ನು ಒಡೆದು ನೋಡಿ, ಮೂಸಿ ನೋಡಿ, ದೋಣಿಯನ್ನು ತೊಳೆಯಿರಿ.

ಹಂದಿ ಸಾಕುವವನ ಖರ್ಚಿನಲ್ಲಿ ಹೆಚ್ಚಿನ ಪಾಲು ಮೇವಿನದೇ. ಚೀಲ ಬಿಚ್ಚಿದೊಡನೆ ಸಿಹಿ ವಾಸನೆ ಬಂತೆಂದು ಮರುಳಾಗಬೇಡಿ. ಮೇಲಿನ ಚೀಟಿಯನ್ನು ಓದಿ. ಅದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಪ್ರೋಟೀನು ಮರಿಗೆ ನೂರಕ್ಕೆ 18ರಿಂದ 20, ಬೆಳೆಯುವ ಹಂದಿಗೆ 16ರಷ್ಟು ಇರತಕ್ಕದ್ದು. ಅಷ್ಟಿಲ್ಲದ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.