ಹಾಲಿಗೆ ದಿನಾ ಪರೀಕ್ಷೆ, ಕೆಚ್ಚಲಿಗೆ ಯಾವಾಗ?

ಬೋನಾಳ ಅಂದ ಕೂಡಲೇ ಎಲ್ಲರೂ ಕೇಳುವುದು ಕೆರೆ ಮತ್ತು ಹಕ್ಕಿಗಳ ಬಗ್ಗೆ. ನಮ್ಮ ಸುರಪುರದ ಕಡೆಯ ಎಮ್ಮೆಗಳನ್ನು ಕೇಳುವವರಿಲ್ಲ. ಇವತ್ತು ಅವುಗಳ ಪರವಾಗಿ ಸ್ವಲ್ಪ ಜಗಳ ತೆಗೆಯೋಣ ಅಂತ :)

ಯಾವುದಾದರೂ ಹಾಲಿನ ಸಂಘಕ್ಕೆ ಹೋಗಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪರೀಕ್ಷೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ರೇಟು ಎಷ್ಟು... ಎಲ್ಲಾ ದರ ಕಟ್ಟುವ ಲೆಕ್ಕ. ಹಾಲು ಕೊಟ್ಟ ಎಮ್ಮೆ ಹೇಗಿದೆ ಅನ್ನೋದಕ್ಕೆ ಮಾತ್ರ ಒಂದು ಕಾಲಮ್ಮೂ ಇಲ್ಲ!

ಕೆಚ್ಚಲು ಬಾವಿನಲ್ಲಿ ಎರಡು ಥರ. ಕೆಚ್ಚಲು ಊದಿ ಹಾಲು ಒಡೆದು ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಡಾಕ್ಟರನ್ನು ಕರೆಸುತ್ತಾರೆ. ಇನ್ನೊಂದು ಗುಪ್ತವಾದದ್ದು, ಅದೇ ಹೆಚ್ಚು. ಊತವಿಲ್ಲ, ನೋವಿಲ್ಲ, ಹಾಲು ಬೆಳ್ಳಗೇ ಇರುತ್ತದೆ; ಬರುವುದು ಮಾತ್ರ ಕಡಿಮೆಯಾಗುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲೂ ಎರರ್ ತೋರಿಸದ ಬಗ್ಗಿಗೇ ನಾವು ಜಾಸ್ತಿ ಹೆದರುವುದು. ನಾಲ್ಕೂ ಮೊಲೆಯ ಹಾಲು ಒಂದೇ ಬಕೆಟ್ಟಿಗೆ ಬಿದ್ದ ಮೇಲೆ ಕೆಟ್ಟ ಮೊಲೆ ಉಳಿದ ಮೂರರ ಮರೆಯಲ್ಲಿ ಅಡಗಿಬಿಡುತ್ತದೆ. "ಎಮ್ಮಿಗಿ ದೃಷ್ಟಿ ಆಗ್ಯಾದ್ರಿ" ಅಂತಾರೆ ಮನೆಯವರು. ಪಾಪ, ಬೇರೆ ಕಾರಣ ಯಾರಾದರೂ ತೋರಿಸಿಕೊಟ್ಟಿದ್ದರೆ ತಾನೆ?

ತೋರಿಸುವುದು ಕಷ್ಟವೇನಲ್ಲ ಸ್ವಾಮಿ. ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್ ಬಂದದ್ದು 1957ರಲ್ಲಿ. ನಾಲ್ಕು ಗುಳಿಯ ಒಂದು ಪ್ಲಾಸ್ಟಿಕ್ ತಟ್ಟೆ. ಒಂದೊಂದು ಮೊಲೆಯ ಹಾಲು ಒಂದೊಂದು ಗುಳಿಗೆ. ಅಷ್ಟೇ ಅಳತೆಯ ದ್ರಾವಣ ಹಾಕಿ 10 ಸೆಕೆಂಡು ಆಡಿಸಬೇಕು. ಸೋಂಕಿರುವ ಮೊಲೆಯ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚು. ದ್ರಾವಣ ಅವನ್ನು ಒಡೆದಾಗ ಒಳಗಿನ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ದ್ರಾವಣ ಸಿಗದಿದ್ದರೆ 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿದರೂ ನಡೆಯುತ್ತದೆ. (ಆಮೇಲೆ ಆ ಹಾಲು ಚೆಲ್ಲಿಬಿಡಿ. ಕರು ಹಾಕಿದ ಮೊದಲ ವಾರ ಮಾತ್ರ ಈ ಪರೀಕ್ಷೆ ನಂಬುವ ಹಾಗಿಲ್ಲ.)

"ಗೊತ್ತಾದರೆ ಇಂಜೆಕ್ಷನ್ ಖರ್ಚು, ಬಡವರಿಗೆ ಯಾಕೆ ಇದೆಲ್ಲ" ಅನ್ನುವವರಿದ್ದಾರೆ. ಗೊತ್ತಾದ ತಕ್ಷಣ ಸೂಜಿ ಚುಚ್ಚಲೇಬೇಕು ಅಂತೇನಿಲ್ಲ. ಆ ಮೊಲೆ ಕೊನೆಗೆ ಹಿಂಡಿ. ಹೆಬ್ಬೆರಳು ಮಡಚಿ ಹಿಂಡಬೇಡಿ. ಹಿಂಡಿದ ಮೇಲೆ ತೊಟ್ಟುಗಳನ್ನು ಔಷಧಿಯಲ್ಲಿ ಅದ್ದಿ, ಮೇವು ಹಾಕಿ ಅರ್ಧ ಗಂಟೆ ಎಮ್ಮೆ ಮಲಗದಂತೆ ನೋಡಿಕೊಳ್ಳಿ. ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಆಂಟಿಬಯೋಟಿಕ್ ಬೇಕೋ ಬೇಡವೋ, ಹಾಲು ಬತ್ತಿಸುವಾಗ ಕೊಡಬೇಕೋ, ಅದನ್ನು ಡಾಕ್ಟರ್ ಹೇಳಲಿ. ಕಾರಣ ತಿಳಿಯದೆ, ಹಾಲು ಕಡಿಮೆ ಅಂತ ಒಳ್ಳೆ ಎಮ್ಮೆಯನ್ನು ಸಂತೆಗೆ ಹೊಡೆಯುತ್ತಾರಲ್ಲ, ಅದಕ್ಕಿಂತ ದೊಡ್ಡ ಖರ್ಚು ಯಾವುದು ನೀವೇ ಹೇಳಿ.

ನಮ್ಮ ಭಾಗದ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಸಂಘಕ್ಕೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿ ಸರಕಾರದ ಪ್ರೋತ್ಸಾಹಧನವಿದೆ. ಬತ್ತುತ್ತಿರುವ ಕೆಚ್ಚಲಿಗೆ ಆ ದುಡ್ಡೂ ಇಲ್ಲ. ನಾನು ಕೇಳುವುದಿಷ್ಟೇ: ತಿಂಗಳಿಗೊಮ್ಮೆ ಸಂಘದವರು ಆ ತಟ್ಟೆ ಹಿಡಿದು ಕೊಟ್ಟಿಗೆಗೆ ಬರಲಿ, ಪುಸ್ತಕದಲ್ಲಿ ನಾಲ್ಕು ಮೊಲೆಗೆ ನಾಲ್ಕು ಕಾಲಮ್ ಹಾಕಲಿ. ಒಂದೇ ಷರತ್ತು, ಲೋಳೆ ಬಂತು ಅಂತ ಯಾರ ಹಾಲಿನ ರೇಟೂ ಇಳಿಸಬಾರದು. ಒಮ್ಮೆ ಇಳಿಸಿದರೆ ಮುಂದಿನ ತಿಂಗಳು ಯಾರೂ ಎಮ್ಮೆ ಮುಟ್ಟಲು ಬಿಡುವುದಿಲ್ಲ.

ಏನಂತೀರಿ?