ಪುಂಡಿಪಲ್ಯ ಬಿಟ್ಟು ಗುಳಿಗೆಗೆ ರೊಕ್ಕ

'ಆ್ಯಂಟಿಆಕ್ಸಿಡೆಂಟ್' ತುಂಬಿದ, ಹೊಟ್ಟೆ ಕರಗಿಸುವ ಗುಳಿಗೆ-ಪುಡಿಗಳಿಗೆ ದಿನವಿಡೀ ಗಲ್ಲಾದ ಮುಂದೆ ಕೂತವರೇ ಗಿರಾಕಿಗಳು. ಮುಧೋಳ, ಸೇಡಂ ಕಡೆಯೂ ಇದೇ ಹುಚ್ಚು.

ಬೊಜ್ಜು ಸುಮ್ಮನೆ ಕೂಡುವ ಮಾಲಲ್ಲ. ಹೊಟ್ಟೆಯ ಕೊಬ್ಬು ಯಕೃತ್ತಿಗೆ ಇಳಿದು ಇನ್ಸುಲಿನ್ ಕೆಲಸ ಕೆಡಿಸುತ್ತದೆ. ಸಕ್ಕರೆ ರೋಗ, ಬಿ.ಪಿ. ಬೆನ್ನಿಗೇ ಬರುತ್ತವೆ. ಈ ಕೆಡುಕಿನಲ್ಲಿ ಉತ್ಕರ್ಷಣದ ಪಾಲೂ ಉಂಟು. ಅದನ್ನು ತಡೆಯುವ ಅಂಶ ಜೋಳದ ಸಿಪ್ಪೆಯಲ್ಲಿ, ಪುಂಡಿ ಸೊಪ್ಪಿನಲ್ಲಿ ಇರುವುದೂ ಖರೆ. ಆದರೆ ಅಂಥದ್ದನ್ನು ಹಿಂಡಿ ಗುಳಿಗೆ ಮಾಡಿದರೆ ಬೊಜ್ಜಿನ ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಗುಳಿಗೆ ಕೊಟ್ಟು ನೋಡಿದರು. 1994ರಲ್ಲಿ ಲೆಕ್ಕ ಹೊರಬಿದ್ದಾಗ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇ. 18 ಏರಿತ್ತು!

ಇತ್ತ ಬಿಸಿ ರೊಟ್ಟಿ, ಪುಂಡಿಪಲ್ಯ ಬಡವರ ಊಟ ಅಂತ ಮೂಗು ಮುರಿದು, ಮುಂಜಾನೆ ಸುಸಲಾ-ಮಿರ್ಚಿ, ಸಂಜಿಗೆ ಮತ್ತ ಸಕ್ಕರೆ ಚಹಾ. ಏನನ್ನಬೇಕು ಇದಕ್ಕ? (ರೊಟ್ಟಿಯೂ ನಾಲ್ಕಿದ್ದದ್ದು ಎರಡಾಗಬೇಕು, ಅದು ಬ್ಯಾರೆ ಮಾತು.)

ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯ. ಟೇಪು ದರ್ಜಿಯ ಹತ್ತಿರವೇ ಇದೆ. ಮೂವತ್ತು ದಾಟಿದವರಿಗೆ ಸಕ್ಕರೆ, ಬಿ.ಪಿ. ತಪಾಸಣೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಡಬ್ಬಿಗೆ ರೊಕ್ಕ ಎಣಿಸುವ ಮೊದಲು ಅಲ್ಲಿಗೊಮ್ಮೆ ಹೋಗಬಾರದೇ?