ನಾಯಿ ಕೊಡೋರು ಪ್ರಶ್ನೆ ಕೇಳಬೇಕ ಬಿಡ್ರಿ

ಪುಕ್ಕಟೆ ಕೊಡೋ ಬೀದಿ ನಾಯಿಮರಿಗೆ ಎರಡ ಪಾನ ಫಾರ್ಮ್ ಯಾಕ ತುಂಬಬೇಕ್ರಿ? ವಿಡಿಯೋ ಕಾಲ್ ಮಾಡಿ ಬಾಲ್ಕನಿ ಯಾಕ ತೋರಸಬೇಕು? ಬಾಡಿಗಿ ಮನ್ಯಾಗಿದ್ರ ಮಾಲಕರ ಕಡಿಂದ ಚೀಟಿ ಯಾಕ ಬರಸ್ಕೊಂಡ ಬರಬೇಕು? ಬೆಂಗಳೂರಾಗ ಇರೋ ನಮ್ಮ ಮಾವಶಿ ಮಗಾ ಹೋದ ತಿಂಗಳ ಇದನ್ನ ಹೇಳಿ ಹೇಳಿ ನನ್ನ ತಲಿ ತಿಂದಾ. "ಹೆಣ್ಣ ಕೊಡಬೇಕಾದ್ರ ನಮ್ಮ ಮಾವನೂ ಇಷ್ಟ ವಿಚಾರಿಸಿದ್ದಿಲ್ಲ" ಅಂದಾ. ವಿಚಾರಿಸಬೇಕಿತ್ತು, ಆ ಮಾತ ಬ್ಯಾರೆ. ನಾಯಿ ವಿಷಯದಾಗಂತೂ ನಾ ಕೊಡೋರ ಕಡೆನ.

ಈ ಮಂದಿ ಕಡೆ ದೊಡ್ಡ ಶೆಡ್ ಗಿಡ್ ಇರಂಗಿಲ್ಲ. ರಸ್ತೆದಾಗ, ಗಟಾರದಾಗ ಸಿಕ್ಕ ಮರೀನ ಯಾರರೆ ಒಬ್ಬರು ತಮ್ಮ ಮನ್ಯಾಗ ಇಟಗೊಂಡ ಸಾಕತಾರ, ಖಾಯಂ ಮನಿ ಸಿಗೋ ತನಕ. ಅದಕ್ಕ ಫಾಸ್ಟರ್ ಅಂತಾರ. ಹತ್ತಿಪ್ಪತ್ತ ಮರಿ ಒಂದ ಕಡೆ ಕೂಡಿ ಹಾಕಿದಾಗ ಒಂದಕ್ಕ ಪಾರ್ವೋ ಜಡ್ಡ ಬಂತಂದ್ರ ಉಳಿದವಕ್ಕೂ ಹತ್ತತದ. ವಾಂತಿ, ರಕ್ತಭೇದಿ, ಎರಡ ಮೂರ ದಿವಸದಾಗ ಮರಿ ಕೈಬಿಟ್ಟ ಹೋಗಬಹುದು. ಮನ್ಯಾಗ ಆ ಅಂಜಿಕಿ ಕಡಿಮಿ. ಆದ್ರ ನನಗ ದೊಡ್ಡದನಸೋದು ಇನ್ನೊಂದ ಮಾತು: ಆ ಮನಿಯವರಿಗೆ ಆ ನಾಯಿ ಗೊತ್ತಿರತದ. ಕುಕ್ಕರ್ ಸೀಟಿಗೆ ಅಂಜತದೋ ಇಲ್ಲೋ, ಅಜ್ಜನ ಕೋಲ ಕಂಡ್ರ ಮಂಚದ ಬುಡಕ ಹೋಗತದೋ ಏನು, ಒಂದ ಬಿಟ್ಟ ಹೋದ್ರ ಎಷ್ಟ ಹೊತ್ತ ಒದರತದ, ಉಣ್ಣುವಾಗ ಹುಡುಗೂರು ಕೈ ಹಾಕಿದ್ರ ಗುರ್ ಅನ್ನತದೋ ಹೆಂಗ. ರೊಕ್ಕಾ ಕೊಟ್ಟ ಲ್ಯಾಬ್ರಡಾರ್ ತರೋರಿಗೆ ಇದನ್ನ ಯಾರ ಹೇಳ್ತಾರ?

ಇನ್ನ ಅವರ ಪ್ರಶ್ನೆ. ಜಾಳಗಿ ಇಲ್ಲದ ಬಾಲ್ಕನಿ ಐದನೇ ಫ್ಲೋರಿನಾಗಿದ್ರ ಮರಿ ಕೆಳಗ ಬೀಳತದ, ಅದಕ್ಕ ಕೇಳ್ತಾರ. ದೀಪಾವಳಿಗೆ ಎಲ್ಲಿರ್ತೀರಿ ಅಂತಾರ, ಯಾಕಂದ್ರ ಪಟಾಕಿಗೆ ಬೆದರಿ ಬಾಗಲಾ ದಾಟಿ ಓಡಿದ ನಾಯಿಗೆ ಮನಿ ದಾರಿ ತಿಳ್ಯಂಗಿಲ್ಲ. ಏನ ಹಾಕ್ತೀರಿ ಅಂತ ಕೇಳೋದಂತೂ ನಮ್ಮಂಥವರಿಗೇ ಸೈ. ಉಳ್ಳಾಗಡ್ಡಿ ಇಲ್ಲದ ಝುಣಕಾ ನಮ್ಮ ಕಡೆ ಎಲ್ಲದ? ನಾಯಿಗೆ ಉಳ್ಳಾಗಡ್ಡಿ ವಿಷ, ರಕ್ತಾನ ಕೆಡಸತದ.

ಇಷ್ಟೆಲ್ಲಾ ಕೇಳೋದು ನಾಯಿ ವಾಪಸ್ ಬರಬಾರದಂತ. ಹೊಸಾ ಮನಿಗೆ ಬಂದ ನಾಯಿ ಮೊದಲ ಮೂರ ದಿವಸ ಮೂಲ್ಯಾಗ ಕೂಡತದ, ಉಣ್ಣಂಗಿಲ್ಲ. ಮನಿ ರೂಢಿ ತಿಳೀಲಿಕ್ಕೆ ಮೂರ ವಾರ, ಇದು ನಂದ ಅನ್ನಲಿಕ್ಕೆ ಮೂರ ತಿಂಗಳ ಅಂತ ಸಾಕಿದವರ ಲೆಕ್ಕ. ನಮ್ಮ ಮಂದಿ ನಾಕನೇ ದಿವಸಕ್ಕ "ಇದು ಹೊಂದ್ಕೋವಲ್ದು, ಒಯ್ರಿ" ಅಂತಾರ. ಅಷ್ಟರಾಗ ಆ ಫಾಸ್ಟರ್ ಮನಿಗೆ ಇನ್ನೊಂದ ಮರಿ ಬಂದಿರತದ. ಇದು ಎಲ್ಲೆ ಹೋಗಬೇಕು? 2025ರ ಆಗಸ್ಟ್‌ನಾಗ ದಿಲ್ಲಿ ಬೀದಿನಾಯಿ ಕೇಸಿನಾಗ ಸುಪ್ರೀಂ ಕೋರ್ಟೂ ಹೇಳೇದ, ದತ್ತಕ ತುಗೊಂಡವರ ನಾಯಿ ಮತ್ತ ಬೀದಿಗೆ ಬರದಂಗ ನೋಡ್ಕೊಳ್ಳೋ ಜವಾಬ್ದಾರಿ ಅವರದೇ ಅಂತ. ಚಾರ ಮಂದಿ ಮುಂದ ಫೋಟೋ ಹಾಕ್ಕೊಂಡ ಮ್ಯಾಲೆ ಬಿಟ್ಟ ಬರೋದು ಅದೆಂಥಾ ಸಾಕೋದ್ರಿ?

ಆದ್ರ ಅವರದೆಲ್ಲಾ ಸರಿ ಅಂತ ನಾ ಅನ್ನಂಗಿಲ್ಲ. ಬಾಡಿಗಿ ಮನಿಯವರಿಗೆ ಕೊಡಂಗಿಲ್ಲ, ಅರವತ್ತ ದಾಟಿದವರಿಗೆ ಕೊಡಂಗಿಲ್ಲ ಅಂತ ಕೆಲವರು ಸೀದಾ ಬಾಗಲಾ ಹಾಕ್ತಾರ. ಅದು ನನಗ ಸೇರಂಗಿಲ್ಲ. ಮಾಲಕರ ಚೀಟಿ ಕೇಳ್ರಿ, ಬಾಡಿಗಿ ಅನ್ನೋದನ್ನ ತಪ್ಪ ಮಾಡಬ್ಯಾಡ್ರಿ. ವಯಸ್ಸಾದವರಿಗೆ ಎರಡ ತಿಂಗಳ ಮರಿ ಕೊಟ್ರ ಕಷ್ಟ ಖರೆ, ಅದು ಹನ್ನೆರಡ ಹದಿನೈದ ವರ್ಷ ಬದುಕೋ ಜೀವಾ. ಅವರಿಗೆ ಏಳ ವರ್ಷದ್ದ ಕೊಡ್ರಿ. ಎಲ್ಲಾರಿಗೂ ಮರೀನ ಬೇಕು, ಅದರಾಗ ಗಂಡ ಬೇಕು. ಹೆಣ್ಣಂದ್ರ ಅಲ್ಲೂ ಮೂಗ ಮುರಿಯೋರಿದ್ದಾರ! ಏಳ ವರ್ಷದ ಹೆಣ್ಣ ನಾಯಿ ಇನ್ನೊಬ್ಬರ ಮನಿ ಹಾಲಿನಾಗ ಕೂತದ, ಆಪರೇಷನ್ ಆಗೇದ, ರೇಬಿಸ್ ಚುಚ್ಚಿ ಹಾಕಸ್ಯಾರ, ಹೊರಗ ಹೋಗೋದು ಕಲತದ. ಮಕ್ಕಳು ಪರದೇಶಕ್ಕ ಹೋದ ಮ್ಯಾಲೆ ಇಬ್ಬರ ಉಳಿದ ಮನ್ಯಾಗ, ಸಂಜಿ ಮುಂದ ವಾಕಿಂಗಿಗೆ ಏಳಸೋರು ಒಬ್ಬರ ಬೇಕಾಗಿರತಾರ.